ಮನೆ ಒಣಗುವವರೆಗೆ

ಸುಳ್ಳು ಹೇಳಿ ನೆಲಮಹಡಿಯ ಮನೆ ಹಿಡಿದವಳು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಮುಂದೆ ನಾನು ಪಟ್ಟ ಹೊಟ್ಟೆಕಿಚ್ಚನ್ನೆಲ್ಲ ಓದಿ ನೀವು ಪಾಪ ಎಂದು ಮರುಗುತ್ತ ಕೂರುತ್ತೀರಿ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನನ್ನ ಗಂಡ ಮುಂಬಯಿ ಪಕ್ಕದ ಠಾಣೆ ಊರಿನ ನಾಕಾದ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುತ್ತಿದ್ದರು. ಅದೇ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದವರ ಹೆಂಡತಿ ನನ್ನ ಗೆಳತಿ. ಇಬ್ಬರೂ ಉಡುಪಿ ಕಡೆಯವರು, ಒಂದೇ ವರ್ಷ ಮದುವೆಯಾಗಿ ಬಂದವರು. ಮನೆಯೊಳಗೆ ತುಳು, ಬೀದಿಗಿಳಿದರೆ ಹರಕು ಮುರುಕು ಮರಾಠಿ. ಅಲ್ಲಿಂದ ಸ್ವಲ್ಪ ದೂರದ ಡೊಂಬಿವಲಿಯಲ್ಲಿ, ಖಾಡಿ ಎನ್ನುವ ಸಮುದ್ರದ ಹಿನ್ನೀರಿನ ಕಡೆಗೆ ಕಟ್ಟಿದ ಹೊಸ ಬಿಲ್ಡಿಂಗಿನಲ್ಲಿ ಮಾರಾಟಕ್ಕೆ ಎರಡೇ ಮನೆ ಉಳಿದಿದ್ದವು. ಒಂದು ನೆಲಮಹಡಿಯಲ್ಲಿ, ಇನ್ನೊಂದು ಮೂರನೆಯ ಮಹಡಿಯಲ್ಲಿ, ಎಂದರೆ ಕಟ್ಟಕಡೆಯಲ್ಲಿ. ಎರಡಕ್ಕೂ ಒಂದೇ ಕೋಣೆ, ಒಂದೇ ಅಡುಗೆಮನೆ. ಲಿಫ್ಟ್ ಇರಲಿಲ್ಲ.

ಇಬ್ಬರ ಕಣ್ಣೂ ಕೆಳಗಿನ ಮನೆಯ ಮೇಲೆ. ನಮ್ಮ ಕಡೆಯವರಿಗೆ ಮನೆ ಎಂದರೆ ಹೊಸ್ತಿಲು ದಾಟಿದ ಕೂಡಲೇ ಅಂಗಳ, ಅಂಗಳದಲ್ಲಿ ತುಳಸಿ. ಪೈಂಟಿನ ಡಬ್ಬಿಯಲ್ಲಿ ನೆಟ್ಟು ಗ್ರಿಲ್ಲಿಗೆ ಕಟ್ಟಿದ ತುಳಸಿಗೆ ಸುತ್ತು ಬರುವುದಾದರೂ ಹೇಗೆ? ಕೆಳಗಿನ ಮನೆಯ ಹಿಂದೆ ಎರಡು ಚಾಪೆ ಹಾಸುವಷ್ಟು ಮಣ್ಣು ಇತ್ತು. ಅದನ್ನು ನೋಡಿ ನನಗೆ ತಲೆಯೇ ತಿರುಗಿತು.

"ನಮ್ಮ ಅತ್ತೆ ಬಂದು ಇಲ್ಲೇ ಇರ್ತಾರೆ. ಅವರಿಗೆ ಮೊಣಗಂಟು ನೋವು, ಮೆಟ್ಲು ಹತ್ಲಿಕ್ಕೆ ಆಗುದಿಲ್ಲ" ಎಂದೆ.

ಅತ್ತೆ ಊರಿನಲ್ಲಿ ಆ ವಯಸ್ಸಿಗೂ ಗುಡ್ಡ ಹತ್ತಿ ಹಟ್ಟಿಗೆ ಸೊಪ್ಪು ತರುತ್ತಿದ್ದರು. ಅವರು ಇಲ್ಲಿಗೆ ಬರಲೂ ಇಲ್ಲ, ಬರುವ ಯೋಚನೆಯೂ ಅವರಿಗೆ ಇರಲಿಲ್ಲ.

"ಹಾಗಾದ್ರೆ ನೀನೇ ತಕೋ ಮಾರಾಯ್ತಿ. ನಾವು ಹತ್ತುವಾ. ಕಾಲು ಗಟ್ಟಿ ಉಂಟಲ್ಲ" ಎಂದು ಅವಳು ಮುಖ ಆಚೆ ತಿರುಗಿಸಿದಳು. ಅವಳಿಗೆ ಅಳು ಬಂದಿತ್ತು. ನನಗೆ ಒಳಗೊಳಗೇ ಸಂತೋಷವಾಗಿತ್ತು.

ನಾಲ್ಕೈದು ವರ್ಷ ನಾನು ಆ ಎರಡು ಚಾಪೆ ಮಣ್ಣಿನ ಮೇಲೆ ರಾಣಿಯ ಹಾಗೆ ಮೆರೆದೆ. ತುಳಸಿ, ದಾಸವಾಳ, ಒಂದು ಕರಿಬೇವು. ಗೆಳತಿ ಬೆಳಿಗ್ಗೆ ಮೂರು ಮಹಡಿ ಇಳಿದು ಬಂದು ನನ್ನ ತುಳಸಿಗೆ ಕೈಮುಗಿಯುತ್ತಿದ್ದಳು. ಹೋಗುವಾಗ ನಾನು ಕರಿಬೇವಿನ ಎರಡು ಕಡ್ಡಿ ಮುರಿದು ಜಮೀನ್ದಾರರ ಹಾಗೆ ಅವಳ ಕೈಗೆ ಹಾಕುತ್ತಿದ್ದೆ. ಮನೆ ಹಿಡಿದ ಮರುವರ್ಷ ನನಗೆ ಮಗಳು ಹುಟ್ಟಿದಳು. ಗೆಳತಿಗೆ ಮಕ್ಕಳಾಗಲಿಲ್ಲ. ಮಗುವನ್ನು ಎತ್ತಿಕೊಂಡು ಅವಳು ನಿಲ್ಲುತ್ತಿದ್ದ ರೀತಿಯಲ್ಲೇ ಅವಳ ಆಸೆ ಗೊತ್ತಾಗುತ್ತಿತ್ತು. ನಾನು ಅದನ್ನು ಕಂಡೂ ಮಗುವನ್ನು ಬೇಗ ವಾಪಸು ಇಸಕೊಳ್ಳುತ್ತಿದ್ದೆ.

ಮೊದಲ ಸಲ ನೀರು ಮನೆಯೊಳಗೆ ಬಂದದ್ದು ಮಗಳಿಗೆ ನಾಲ್ಕು ತುಂಬಿದ ವರ್ಷದ ಜುಲೈಯಲ್ಲಿ. ಊರಿಗೆ ಊರೇ ಮುಳುಗಿದ ಮಳೆ ಅದು, ನಮ್ಮದೊಂದೇ ಕಥೆಯಲ್ಲ. ಖಾಡಿ ಉಕ್ಕಿ, ಬಿಲ್ಡಿಂಗಿನ ಪಕ್ಕದ ನಾಲಾ ಎಂಬ ಕಾಲುವೆಯ ನೀರನ್ನು ಹಿಂದಕ್ಕೆ ನೂಕಿತು. ನೀರು ಮೊದಲು ಬಂದದ್ದು ಬಾಗಿಲಿನಿಂದಲ್ಲ, ಬಚ್ಚಲಿನ ತೂತಿನಿಂದ. ಗೆಳತಿ ಓಡಿ ಬಂದು ಮಗುವನ್ನು ಸೊಂಟಕ್ಕೇರಿಸಿಕೊಂಡು ಮೇಲೆ ಹೋದಳು. ನಾಲ್ಕು ದಿನ ನಾವೆಲ್ಲ ಅಲ್ಲೇ ಇದ್ದೆವು. ಅಕ್ಕಿ ಡಬ್ಬಿ, ಗೋದ್ರೆಜ್ ಕಪಾಟಿನ ಕೆಳಗಿನ ಖಾನೆ, ನನ್ನ ಮದುವೆಯ ಎರಡು ಸೀರೆ ಹೋದವು. ದಾಸವಾಳ ಸತ್ತಿತು. ಹೋಗಲಿ, ಜನ್ಮಕ್ಕೊಂದು ಸಲ ಬರುವ ಮಳೆ ಎಂದು ಸಮಾಧಾನ ಮಾಡಿಕೊಂಡೆವು. ಸೊಸೈಟಿಯವರೂ ಹಾಗೆಯೇ ಹೇಳಿದರು.

ಜನ್ಮಕ್ಕೊಂದು ಸಲ ಎಂದದ್ದು ಮತ್ತೆ ಎರಡು ವರ್ಷಕ್ಕೆ ಬಂತು, ಅದರ ಮರುವರ್ಷವೂ ಬಂತು. ಪಾದ ಮುಳುಗುವಷ್ಟು ಒಮ್ಮೆ, ಮೊಣಕಾಲಿನವರೆಗೆ ಒಮ್ಮೆ. ನೀರನ್ನಾದರೂ ಪೊರಕೆಯಿಂದ ಹೊರಗೆ ನೂಕಬಹುದು, ತೇವವನ್ನು ಎಲ್ಲಿಗೆ ನೂಕುವುದು? ಗೋಡೆ ಒಸರುತ್ತಲೇ ಇತ್ತು. ದೇವರ ಪಟದ ಹಿಂದೆ, ಕಪಾಟಿನ ಬೆನ್ನಿಗೆ, ಹಾಸಿಗೆಯ ಅಡಿಗೆ ಕಪ್ಪು ಬೂಷ್ಟು. ಮಗಳಿಗೆ ಕೆಮ್ಮು ಹತ್ತಿತು, ಕೆಮ್ಮು ದಮ್ಮಾಯಿತು. ಉಸಿರು ಬಿಡುವಾಗ ಎದೆಯೊಳಗಿಂದ ಸಣ್ಣ ಸಿಳ್ಳೆ ಬರುತ್ತಿತ್ತು. ಕಲ್ಯಾಣದ ಡಾಕ್ಟರು ಬಾಯಿಗಿಟ್ಟು ಒತ್ತುವ ಪಂಪು ಬರೆದುಕೊಟ್ಟರು. ಬರೆದು ಮುಗಿಸಿ, "ಮಳೆಗಾಲದಲ್ಲಿ ಈ ಮಗುವನ್ನು ಒಣ ಮನೆಯಲ್ಲಿ ಮಲಗಿಸಿ" ಎಂದರು. ಒಣ ಮನೆಯನ್ನೂ ಚೀಟಿಯಲ್ಲೇ ಬರೆದುಕೊಡುವ ಹಾಗಿದ್ದರೆ ಚೆನ್ನಾಗಿತ್ತು.

ಒಣ ಮನೆ ಮೂರು ಮಹಡಿ ಮೇಲಿತ್ತು.

ಹೀಗೆ ಮಗಳು ಮಳೆಗಾಲಕ್ಕೆ ಮೇಲೆ ಹೋಗತೊಡಗಿದಳು. ಮೊದಲ ವರ್ಷ ಹತ್ತು ದಿನ. ಆಮೇಲೆ ಗಣಪತಿ ಹಬ್ಬದವರೆಗೆ. ಆಮೇಲೆ ನವರಾತ್ರಿ ಮುಗಿದರೂ ಆಕಾಶ ಬಿಡಲಿಲ್ಲ, ಅಕ್ಟೋಬರಿನಲ್ಲಿಯೂ ಸುರಿಯುತ್ತಿತ್ತು. ನಾನು ಚಿಕ್ಕವಳಿದ್ದಾಗ ಮಳೆಗೆ ಬರುವ ದಿನ, ಹೋಗುವ ದಿನ ಎಂದು ಇದ್ದವು. ಈಗ ಅದು ಜೂನ್ ತಿಂಗಳಿಡೀ ಸತಾಯಿಸಿ, ತಿಂಗಳಿನದ್ದನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ಸುರಿಯುತ್ತಿತ್ತು. ಮಗಳು ದಿನಾ ಶಾಲೆಯಿಂದ ಬಂದು ಬಾಗಿಲಲ್ಲಿ ನಿಂತು, ಮನೆ ಒಣಗಿತಾ ಎಂದು ಶಾಲೆಯ ಹಿಂದಿಯಲ್ಲಿ ಕೇಳುತ್ತಿದ್ದಳು.

"ಅಮ್ಮಾ, ಘರ್ ಸೂಖ್ ಗಯಾ ಕ್ಯಾ?"

"ಇನ್ನೂ ಇಲ್ಲ ಮಗಾ" ಎಂದರೆ ಚೀಲ ಹೆಗಲಿಗೇರಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ಮೊದಮೊದಲು ನಿಧಾನ ಹತ್ತುತ್ತಿದ್ದಳು. ಆಮೇಲೆ ಎರಡೆರಡು ಮೆಟ್ಟಿಲು ಹಾರಿ.

ಎರಡೆರಡು ಮೆಟ್ಟಿಲು ಹಾರುವ ಆ ಸದ್ದನ್ನು ನಾನು ಕೆಳಗೆ ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದೆ. ಗೆಳತಿ ಅವಳಿಗೆ ಎರಡು ಜಡೆ ಹಾಕುತ್ತಿದ್ದಳು, ನಾನು ಹಾಕುವುದಕ್ಕಿಂತ ನೀಟಾಗಿ. ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಳು. ನನ್ನ ಮನೆಯಲ್ಲಿ ಇಸ್ತ್ರಿಯೂ ಇತ್ತು, ಕರೆಂಟೂ ಇತ್ತು, ಆದರೆ ಬಟ್ಟೆ ಒಣಗಿದರಲ್ಲವೇ ಇಸ್ತ್ರಿ? ಅವಳು ಕೆಸುವಿನೆಲೆಯ ಪತ್ರೊಡೆ ಮಾಡಿದ ದಿನ ಮಗಳು ಕೆಳಗೆ ಬಂದು, "ನೀನು ಹುಳಿ ಕಮ್ಮಿ ಹಾಕ್ತಿ" ಎಂದಳು. ನನ್ನ ಪತ್ರೊಡೆಯನ್ನು ಹೊಗಳದವರು ನನ್ನ ತವರಿನಲ್ಲಿ ಒಬ್ಬರೂ ಇರಲಿಲ್ಲ.

ಒಂದು ದಿನ ಅಂಗಳದಲ್ಲಿ ಆಡುವಾಗ ಯಾವುದೋ ಹುಡುಗಿ, "ತುಝಿ ಆಯಿ ಬೋಲಾವತೇ" ಎಂದು ಮಗಳಿಗೆ ಹೇಳಿದಳು, ನಿನ್ನ ಅಮ್ಮ ಕರೀತಾಳೆ ಎಂದು. ಮಗಳು ತಿರುಗಿ ಸಹಜವಾಗಿ ಕೇಳಿದಳು.

"ಯಾವಮ್ಮ? ಮೇಲಿನಮ್ಮನಾ, ಕೆಳಗಿನಮ್ಮನಾ?"

ಮಕ್ಕಳೆಲ್ಲ ನಕ್ಕರು. ಮೇಲೆ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದ ಗೆಳತಿಗೂ ಕೇಳಿಸಿತು. ಅವಳು ನಗಲಿಲ್ಲ, ತಟ್ಟನೆ ಒಳಗೆ ಹೋದಳು. ಮುಖ ಅರಳಿದ್ದು ನನಗೆ ಕಾಣಬಾರದೆಂದು ಒಳಗೆ ಹೋದಳು ಎಂದು ನಾನು ಲೆಕ್ಕ ಹಾಕಿದೆ. ಅಂದು ಸಂಜೆ ಅವಳು ಕರಿಬೇವಿಗೆ ಬಂದಾಗ, ಗಿಡಕ್ಕೆ ಹುಳ ಬಿದ್ದಿದೆ, ಕೊಡಲಿಕ್ಕಾಗುವುದಿಲ್ಲ ಎಂದುಬಿಟ್ಟೆ. ಗಿಡ ಅವಳ ಕಣ್ಣೆದುರೇ ಹಸಿರಾಗಿ ನಿಂತಿತ್ತು.

ನನ್ನ ಗಂಡನ ಹತ್ತಿರ ಹೇಳಿದರೆ ಅವರು ದಿನವಿಡೀ ಕಾವಲಿಯ ಮುಂದೆ ಬೆಂದ ಮುಖ ಎತ್ತಿ, "ಮಗು ಉಸಿರಾಡ್ತಾ ಉಂಟಲ್ಲ, ಇನ್ನೆಂತ ಬೇಕು ನಿಂಗೆ?" ಎನ್ನುತ್ತಿದ್ದರು. ಅವರು ಹೇಳಿದ್ದು ನಿಜ, ಆದ್ದರಿಂದ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಸೊಸೈಟಿಯ ಮೀಟಿಂಗಿನಲ್ಲಿ ನಾಲಾದ ಕಡೆಗೆ ಗೋಡೆ ಎತ್ತರಿಸುವ ಮಾತು ಮೂರು ವರ್ಷ ನಡೆಯಿತು. ನೀರು ಬರುವುದು ಕೆಳಗಿನ ನಾಲ್ಕು ಮನೆಗೆ, ಖರ್ಚು ಮಾತ್ರ ಎಲ್ಲರಿಗೂ ಯಾಕೆ ಎಂದು ಮೇಲಿನವರು ಕೇಳಿದರು. ಗೆಳತಿಯ ಗಂಡ ಒಬ್ಬರೇ ನಮ್ಮ ಪರವಾಗಿ ಕೈ ಎತ್ತಿದವರು. ಅದೂ ನನಗೆ ಸರಿಬೀಳಲಿಲ್ಲ. ಕೈ ಎತ್ತುವಷ್ಟು ಎತ್ತರದಲ್ಲಿದ್ದಾರೆ, ಎತ್ತುತ್ತಾರೆ ಎಂದುಕೊಂಡೆ. ಟೀವಿಯಲ್ಲಿ ಒಬ್ಬರು ಹವೆ ಕೆಟ್ಟಿದೆ, ಇದು ಎಲ್ಲರಿಗೂ ಬಂದ ಕಷ್ಟ ಎಂದು ಹೇಳುತ್ತಿದ್ದರು. ಎಲ್ಲರಿಗೂ ಅಂತೆ. ಮೂರನೆಯ ಮಹಡಿಗೆ ಅದು ಬಂದದ್ದನ್ನು ನಾನು ನೋಡಲಿಲ್ಲ.

ಗೆಳತಿಯ ಮನೆಗೆ ಪಾತ್ರೆ ತೊಳೆಯಲು ನಾಲಾದ ಆಚೆಯ ಝೋಪಡಿಯಿಂದ ಒಬ್ಬಳು ಬರುತ್ತಿದ್ದಳು. ಒಂದು ಮಳೆಗಾಲ ನಾನು ಮೆಟ್ಟಿಲ ಬುಡದಲ್ಲಿ ಕೂತು ನನ್ನ ಗೋಡೆಯ ಗೋಳು ಹೇಳಿಕೊಳ್ಳುತ್ತಿದ್ದೆ. ಅವಳು ಸೆರಗಿನ ನೀರು ಹಿಂಡುತ್ತ, "ತುಮ್ಹಾಲಾ ಭಿಂತ್ ತರೀ ಆಹೇ, ತಾಯಿ" ಎಂದಳು. ನಿಮಗೆ ಗೋಡೆಯಾದರೂ ಇದೆ ಎಂದು. ನಾನು ಗೆಳತಿಯ ಬಾಲ್ಕನಿಯನ್ನು ನೋಡುತ್ತಿದ್ದ ಕಣ್ಣಿನಲ್ಲೇ ಅವಳು ನನ್ನ ಬಾಗಿಲನ್ನು ನೋಡುತ್ತಿದ್ದಳು. ಅದನ್ನು ಕಂಡು ನನಗೆ ಬುದ್ಧಿ ಬರಬೇಕಿತ್ತು. ಒಂದು ಗಳಿಗೆ ನಾಚಿಕೆಯಾಯಿತು, ಅಷ್ಟೇ.

ಮಗಳು ಹತ್ತನೆಯ ತರಗತಿ ಬರೆದ ವರ್ಷ ಗೆಳತಿಯ ಗಂಡನಿಗೆ ನವಿ ಮುಂಬಯಿಯ ಒಂದು ಹೋಟೆಲಿನಲ್ಲಿ ಪಾಲು ಸಿಕ್ಕಿತು. ಅವರು ಖಾರಘರದಲ್ಲಿ ಗುಡ್ಡದ ಬುಡದ ಟವರಿನಲ್ಲಿ ಹನ್ನೆರಡನೆಯ ಮಹಡಿ ಹಿಡಿದರು. ಮೇಲಿನ ಮನೆಯನ್ನು ಬಾಡಿಗೆಗೆ ಕೊಟ್ಟರು. ನಾವೂ ನಮ್ಮದನ್ನು ಮಾರಿ ಎಲ್ಲಿಗಾದರೂ ಹೋಗೋಣವೆಂದು ಎಸ್ಟೇಟ್ ಏಜೆಂಟನನ್ನು ಕರೆದೆವು. ಅವನು ಗೋಡೆಯ ಮೇಲಿನ ನೀರಿನ ಗೆರೆ ನೋಡಿ ಚಹಾ ಕುಡಿದು ಹೋದ. ಮತ್ತೆ ಬರಲಿಲ್ಲ.

ಸಾಮಾನು ಕಟ್ಟುವ ದಿನ ಗೆಳತಿ ನನ್ನ ಅಡುಗೆಮನೆಗೆ ಬಂದು ನಿಂತಳು.

"ಅವಳನ್ನು ನಮ್ಮ ಜೊತೆ ಕಳಿಸು. ಎರಡು ವರ್ಷ, ಹನ್ನೆರಡನೇ ಕ್ಲಾಸ್ ಆಗುವವರೆಗೆ. ಅಲ್ಲಿ ಕಾಲೇಜು ಹತ್ರ ಉಂಟು, ಮನೆ ಒಣ ಉಂಟು. ನಿನ್ನ ಮಗಳನ್ನು ನಾನು ತಿಂದು ಹಾಕುದಿಲ್ಲ."

"ನನ್ನ ಮಗಳು ನನ್ನ ಮನೆಯಲ್ಲೇ ಇರ್ತಾಳೆ" ಎಂದೆ.

"ಮಳೆ ಬಂದ್ರೆ?"

"ಮಳೆ ನನಗೇನು ಹೊಸತಲ್ಲ."

ಅವಳು ಅಳುತ್ತ ಹೋದಳು. ನನಗೆ ಹಬ್ಬವಾಯಿತು. ಹನ್ನೆರಡನೆಯ ಮಹಡಿ ಇಟ್ಟುಕೋ, ಲಿಫ್ಟು ಇಟ್ಟುಕೋ, ನನ್ನ ಮಗಳು ನಿನಗಿಲ್ಲ ಎಂದು ಮನಸ್ಸಿನೊಳಗೇ ಹೇಳಿದೆ. ಮಗಳನ್ನು ಕಲ್ಯಾಣದ ಕಾಲೇಜಿಗೆ ಹಾಕಿದೆವು. ಅವಳು ಎರಡು ದಿನ ಮುಖ ಊದಿಸಿಕೊಂಡಿದ್ದಳು, ಆಮೇಲೆ ಸರಿಹೋದಳು.

ಮಳೆ ನನಗೆ ಹೊಸತಲ್ಲ ಎಂದದ್ದು ಬರೀ ಜಂಬವಾಗಿರಲಿಲ್ಲ. ನನ್ನ ಅಪ್ಪ ಅಳಿವೆಯ ಬದಿಯಲ್ಲಿ ಗದ್ದೆ ಮಾಡುತ್ತಿದ್ದವರು. ಯಾವ ತಿಥಿಗೆ ಉಪ್ಪುನೀರು ಎಷ್ಟು ಏರುತ್ತದೆ ಎಂಬುದು ಅವರ ಬೆರಳ ತುದಿಯಲ್ಲಿತ್ತು, ನನಗೂ ಅದು ಬಂದಿತ್ತು. ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ಭರತ, ಎಂದರೆ ಸಮುದ್ರದ ಉಬ್ಬರ, ಜೋರು. ಅಷ್ಟಮಿಗೆ ಸಮುದ್ರಕ್ಕೆ ಕೈಲಾಗುವುದಿಲ್ಲ. ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹತ್ತಿರ ಬಂದರೆ ನಾನು ಅಕ್ಕಿ ಡಬ್ಬಿ ಅಟ್ಟಕ್ಕೇರಿಸಿ, ಹಾಸಿಗೆ ಸುತ್ತಿ ಮೇಜಿನ ಮೇಲಿಟ್ಟು, ಮಗಳನ್ನು ಮೇಲೆ ಕಳಿಸಿ ತಯಾರಾಗುತ್ತಿದ್ದೆ. ಅಷ್ಟು ವರ್ಷ ನನ್ನ ಲೆಕ್ಕ ತಪ್ಪಿರಲಿಲ್ಲ. ಕೆಳಗಿನ ಮನೆಯವರು ನನ್ನನ್ನು ಕೇಳಿಯೇ ಸಾಮಾನು ಎತ್ತುತ್ತಿದ್ದರು. ಬಿಲ್ಡಿಂಗಿನಲ್ಲಿ ನನಗಿದ್ದ ದೊಡ್ಡ ಮರ್ಯಾದೆ ಅದೊಂದೇ.

ಆ ಆಗಸ್ಟಿನ ಒಂದು ಬೆಳಿಗ್ಗೆ ಮಳೆ ಹಿಡಿಯಿತು. ಮಗಳು ಕಾಲೇಜಿಗೆ ರಜೆ ಹಾಕಿ, "ಅಮ್ಮಾ, ಸಾಮಾನು ಎತ್ತುವಾ?" ಎಂದಳು. ನಾನು ಕ್ಯಾಲೆಂಡರ್ ನೋಡಿದೆ. ಅಷ್ಟಮಿ.

"ಇವತ್ತು ಎಂತದೂ ಬರುದಿಲ್ಲ. ನೀನು ಓದ್ಕೋ" ಎಂದೆ. ಪಕ್ಕದ ಮನೆಯವಳಿಗೂ ಹಾಗೆಯೇ ಹೇಳಿದೆ.

ನೀರಿಗೆ ಸಮುದ್ರದ ಹಂಗೇ ಬೇಕಿರಲಿಲ್ಲ. ಖಾಡಿ ಇಳಿದೇ ಇತ್ತು, ಆದರೆ ಆಕಾಶದಿಂದ ಬಿದ್ದದ್ದನ್ನು ಹೊರುವಷ್ಟು ನಾಲಾ ಅಲ್ಲಿ ಉಳಿದಿರಲಿಲ್ಲ. ಆಚೆ ಬದಿಯಲ್ಲಿ ಹೊಸ ಬಿಲ್ಡಿಂಗುಗಳಿಗೆ ಮಣ್ಣು ತುಂಬಿ ಅದನ್ನು ಗಟಾರ ಮಾಡಿಬಿಟ್ಟಿದ್ದರು. ಮಧ್ಯಾಹ್ನ ಊಟಕ್ಕೆ ಕೂತಾಗ ಬಚ್ಚಲು ಬುಳುಬುಳು ಎಂದಿತು. ತಟ್ಟೆ ಎತ್ತಿಡುವಷ್ಟರಲ್ಲಿ ನೀರು ಹಿಮ್ಮಡಿ ಮುಟ್ಟಿತು, ಹಾಸಿಗೆ ಎತ್ತುವಷ್ಟರಲ್ಲಿ ಮೊಣಕಾಲು. ಒಂದೇ ಸಮನೆ ಬಗ್ಗಿ ಎತ್ತುತ್ತಿದ್ದ ಮಗಳು ಗೋಡೆ ಹಿಡಿದು ನಿಂತಳು. ಸಿಳ್ಳೆ ಶುರುವಾಗಿತ್ತು. ಪಂಪು ಕಪಾಟಿನ ಕೆಳಗಿನ ಖಾನೆಯಲ್ಲಿತ್ತು, ಆ ಖಾನೆ ನೀರಿನೊಳಗಿತ್ತು.

ಅವಳನ್ನು ಹೆಗಲಿಗೆ ಆನಿಸಿಕೊಂಡು ಮೆಟ್ಟಿಲು ಹತ್ತಿದೆ. ಕಾಲು ತಾನಾಗಿ ಮೂರನೆಯ ಮಹಡಿಯವರೆಗೆ ಎಳೆದುಕೊಂಡು ಹೋಯಿತು. ಆ ಬಾಗಿಲಿಗೆ ಬೀಗ ಹಾಕಿತ್ತು. ಬಾಡಿಗೆಯವರು ಕೆಲಸಕ್ಕೆ ಹೋಗಿದ್ದರು. ಆ ಬೀಗದ ಮುಂದೆ ನೆಲದ ಮೇಲೆ ನನ್ನ ಮಗಳು ಬಾಯಿ ತೆರೆದು ಗಾಳಿ ಹುಡುಕಿದಳು. ತುಟಿ ನೀಲಿಗೆ ತಿರುಗುತ್ತಿತ್ತು. ಎರಡನೆಯ ಮಹಡಿಯ ಮುದುಕರೊಬ್ಬರು ತಮ್ಮ ಪಂಪನ್ನು ತಂದು ಕೊಟ್ಟರು. ನಾಲ್ಕು ಸಲ ಒತ್ತಿದ ಮೇಲೆ ಅವಳ ಕಣ್ಣು ನನ್ನ ಕಡೆ ತಿರುಗಿತು. ಗಂಡ ಠಾಣೆಯಲ್ಲಿ ಸಿಕ್ಕಿಹಾಕಿಕೊಂಡಿದ್ದರು, ಲೋಕಲ್ ನಿಂತಿತ್ತು. ನಾನು ಫೋನ್ ಮಾಡಿದ್ದು ಖಾರಘರಕ್ಕೆ.

"ಬಂದು ಕರ್ಕೊಂಡು ಹೋಗು" ಎಂದೆ. ಗೆಳತಿ ಮರುದಿನ ಟ್ರೇನು, ರಿಕ್ಷಾ, ನಡಿಗೆ ಎಂದು ಹೇಗೋ ಬಂದು ಮಗಳನ್ನು ಕರೆದುಕೊಂಡು ಹೋದಳು. ಮನೆ ಒಣಗುವವರೆಗೆ ಎಂದು ಮಾತಾಗಿತ್ತು.

ಆ ವರ್ಷ ಮನೆ ಒಣಗಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ನವರಾತ್ರಿ ಕಳೆದು ಬಿಸಿಲು ಬಂದ ಮೇಲೆ ಗೋಡೆಯ ಪ್ಲಾಸ್ಟರ್ ಕೆರೆದೆ. ಟೇಬಲ್ ಫ್ಯಾನು ಗೋಡೆಗೆ ಮುಖ ಮಾಡಿಸಿ ದಿನವಿಡೀ ಬಿಟ್ಟೆ. ಬೂಷ್ಟಿನ ಮೇಲೆ ಸುಣ್ಣ ಬಳಿದೆ, ಸುಣ್ಣದ ಮೇಲೆ ಅವಳಿಗೆ ಇಷ್ಟದ ತಿಳಿ ನೀಲಿ ಬಣ್ಣ. ಹೊಸ ಹಾಸಿಗೆ ತಂದೆವು. ದೀಪಾವಳಿಗೆ ವಾರವಿರುವಾಗ ಗೋಡೆಗೆ ಕೆನ್ನೆ ಒತ್ತಿ ನೋಡಿದೆ. ತೇವವಿರಲಿಲ್ಲ. ಬರುತ್ತೇನೆಂದು ಮಗಳಿಗೆ ಫೋನಿನಲ್ಲಿ ಹೇಳಿ, ಮರುದಿನ ಬೆಳಿಗ್ಗೆ ಅವಳನ್ನು ಕರೆತರಲು ಹೊರಟೆ.

ಠಾಣೆಯಲ್ಲಿ ಇಳಿದು ಪನವೇಲ್ ಲೋಕಲ್ ಹತ್ತಿದೆ. ಕೋಪರಖೈರಣೆ ದಾಟುವಾಗ ಗೆಳತಿಯ ಫೋನ್ ಬಂತು. ಅಲ್ಲಿಯ ಕಾಲೇಜಿನಲ್ಲಿ ಒಂದು ಜಾಗ ಖಾಲಿ ಇದೆಯಂತೆ, ಬದಲಾಯಿಸಿಕೊಳ್ಳುವುದಾದರೆ ಇವತ್ತೇ ಹೇಳಬೇಕಂತೆ. "ನೀನು ಹೇಳಿದ ಹಾಗೆ" ಎಂದಳು. ಹೇಳುತ್ತೇನೆ ನಿನಗೆ, ಬರುತ್ತಾ ಇದ್ದೇನೆ ಎಂದುಕೊಂಡೆ.

ಹನ್ನೆರಡನೆಯ ಮಹಡಿಯ ಬಾಗಿಲು ತೆರೆದವಳು ಗೆಳತಿ. ಕಿಟಕಿಯಲ್ಲಿ ಗುಡ್ಡ ಕಾಣುತ್ತಿತ್ತು. ಮಳೆ ಆ ಮನೆಗೆ ನೋಡುವ ವಸ್ತುವಾಗಿದ್ದಿರಬೇಕು. ಬಾಗಿಲ ಪಕ್ಕದಲ್ಲಿ ಮಗಳ ಚೀಲ ಕಟ್ಟಿ ಇಟ್ಟಿತ್ತು. ನಾನು ಬರುತ್ತೇನೆಂದು ಅವಳೇ ಕಟ್ಟಿಕೊಂಡಿದ್ದಳಂತೆ, ಪುಸ್ತಕ, ಬಟ್ಟೆ ಎಲ್ಲ. ಅದನ್ನು ನೋಡಿ ನನ್ನ ಎದೆ ಉಬ್ಬಿತು. ಗೆಳತಿಯ ಕಡೆ ಬೇಕೆಂದೇ ಒಮ್ಮೆ ನೋಡಿದೆ. ಅವಳ ಕಣ್ಣು ಆಗಲೇ ಕೆಂಪಾಗಿತ್ತು.

"ಬೆಳಿಗ್ಗೆ ಬೇಗ ಎದ್ದಿದ್ಲು, ಈಗ ಮಲಗಿದ್ದಾಳೆ" ಎಂದಳು.

ಮಗಳ ಪಕ್ಕದಲ್ಲಿ ಹೋಗಿ ಕೂತೆ. ಫ್ಯಾನು ಮೆಲ್ಲಗೆ ತಿರುಗುತ್ತಿತ್ತು. ಏನೋ ಸರಿ ಇಲ್ಲ ಎನ್ನಿಸಿತು, ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಸದ್ದಿರಲಿಲ್ಲ. ಒಂಬತ್ತು ಹತ್ತು ವರ್ಷದಿಂದ ಮಗಳು ಪಕ್ಕದಲ್ಲಿ ಮಲಗಿದ್ದಾಳೆಂಬುದು ನನಗೆ ಗೊತ್ತಾಗುತ್ತಿದ್ದದ್ದೇ ಆ ಸಿಳ್ಳೆಯಿಂದ. ಬೇಸಿಗೆಯಲ್ಲೂ ನನ್ನ ಮನೆಯಲ್ಲಿ ಅದು ಪೂರ್ತಿ ನಿಂತದ್ದಿಲ್ಲ. ಗಾಬರಿಯಾಗಿ ಅವಳ ಮೂಗಿನ ಹತ್ತಿರ ಬೆರಳು ಹಿಡಿದೆ. ಬೆಚ್ಚಗೆ ಉಸಿರು ಬಂತು, ಹೋಯಿತು, ಮತ್ತೆ ಬಂತು. ಕೆನ್ನೆ ತುಂಬಿಕೊಂಡಿತ್ತು.

ಬೆರಳು ತಾಗಿ ಅವಳಿಗೆ ಎಚ್ಚರವಾಯಿತು. ನನ್ನನ್ನು ನೋಡಿ ನಕ್ಕು, ಎದ್ದು ಕೂತು, ತಲೆಗೂದಲು ಸುತ್ತಿ ಕಟ್ಟುತ್ತ ಕೇಳಿದಳು.

"ಅಮ್ಮಾ, ಘರ್ ಸೂಖ್ ಗಯಾ?"

ತಿಳಿ ನೀಲಿ ಗೋಡೆ ನನ್ನ ಕಣ್ಣ ಮುಂದೆಯೇ ಇತ್ತು. ಉಗುರಿನ ಸಂದಿಯಲ್ಲಿ ಆ ಬಣ್ಣ ಇನ್ನೂ ಅಂಟಿಕೊಂಡಿತ್ತು. ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ.

"ಇನ್ನೂ ಇಲ್ಲ ಮಗಾ" ಎಂದೆ. "ಈ ವರ್ಷ ಒಣಗುವ ಹಾಗೆ ಕಾಣುದಿಲ್ಲ. ನೀನು ಇಲ್ಲಿಯ ಕಾಲೇಜಿಗೇ ಹೋಗು."

ಬಾಗಿಲಲ್ಲಿ ನಿಂತಿದ್ದ ಗೆಳತಿಯ ಮುಖ ಬೆಳಗಿತು. ಮುಚ್ಚಿಕೊಳ್ಳಲು ನೋಡಿದಳು, ಆಗಲಿಲ್ಲ. ಅದನ್ನು ನೋಡಿದ ಕೂಡಲೇ ನನ್ನ ಮಾತನ್ನು ವಾಪಸು ನುಂಗಿಬಿಡಬೇಕೆನ್ನಿಸಿತು. ಊಟಕ್ಕೆ ಕರೆದಳು, ಗಂಡ ಕಾಯುತ್ತಾರೆ ಎಂದು ಎದ್ದೆ. ಮಗಳು ಲಿಫ್ಟಿನವರೆಗೆ ಬಂದು ನನ್ನನ್ನು ತಬ್ಬಿಕೊಂಡಳು. ಅವಳ ಕೂದಲಿಗೆ ಆ ಮನೆಯ ಎಣ್ಣೆಯ ವಾಸನೆ ಇತ್ತು.

ಇಳಿಯುವಾಗ ಲಿಫ್ಟಿನಲ್ಲಿ ನಾನು ಒಬ್ಬಳೇ. ಅಳಬಹುದಿತ್ತು, ನೋಡುವವರು ಯಾರೂ ಇರಲಿಲ್ಲ. ಅಳಲಿಲ್ಲ. ಹನ್ನೆರಡು ಮಹಡಿ ಇಳಿಯುವಷ್ಟೂ ಹೊತ್ತು ಗೆಳತಿಯನ್ನು ನೆನೆದು ಹೊಟ್ಟೆ ಉರಿಯುತ್ತಲೇ ಇತ್ತು, ಆ ಉರಿಯೊಂದೇ ನನ್ನನ್ನು ಕಾಲ ಮೇಲೆ ನಿಲ್ಲಿಸಿತು.